ಚರ್ಚಿನ ಹೆಂಚಿನ ಮಾಡು ರಿಪೇರಿಗೆ ದುಡ್ಡು: ಬ್ಯಾಂಕ್ ಸಾಲವೋ, ಸರ್ಕಾರಿ ಅನುದಾನವೋ, ಸಭೆಯವರ ಕೈಗಡವೋ?

ತಿಂಗಳಿಗೆ 60–70 ಸಾವಿರ ಕಾಣಿಕೆ ಬರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಕೂಟ; ಹತ್ತು ಲಕ್ಷದ ಆಸುಪಾಸಿನ ಮಾಡಿನ ಕೆಲಸ. ಈ ಅಳತೆಗೆ ಮೂರೂ ದಾರಿ ಹೊಕ್ಕು ನೋಡಿದ ಮೇಲೆ ನನ್ನ ಓಟು ಸಭೆಯವರಿಂದಲೇ ಪಡೆಯುವ ಬಡ್ಡಿಯಿಲ್ಲದ ಕೈಗಡಕ್ಕೆ. ಐವತ್ತು ಲಕ್ಷದ ಹೊಸ ಕಟ್ಟಡ ಎತ್ತುವವರ ಲೆಕ್ಕವೇ ಬೇರೆ, ಅವರಿಗೆ ಈ ಬರಹ ಹೆಚ್ಚು ಉಪಯೋಗಕ್ಕೆ ಬಾರದು.

ಬ್ಯಾಂಕಿನ ಬಡ್ಡಿ ಎಷ್ಟೆಂದು ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಕೆಲಸ ನಿಲ್ಲುವುದು ಬಡ್ಡಿಯಲ್ಲಲ್ಲ, ಪಹಣಿಯಲ್ಲಿ. ಸಿಎಸ್‌ಐ ಸಭೆಗಳ ಆಸ್ತಿ ಸಾಮಾನ್ಯವಾಗಿ ಸಭೆಯ ಹೆಸರಿನಲ್ಲಿ ಇರುವುದಿಲ್ಲ. ಅದು ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಷನ್‌ನದು. 1947ರಲ್ಲಿ ಕಂಪನಿಯಾಗಿ ನೋಂದಣಿಯಾದ ಸಂಸ್ಥೆ ಅದು. ಹಳೆಯ ಮಿಷನ್ ಜಾಗಗಳಲ್ಲಿ ಕೆಲವೊಮ್ಮೆ ದಾಖಲೆಯ ಹೆಸರು ಇನ್ನೂ ಹಿಂದಿನದೇ ಉಳಿದಿರುತ್ತದೆ. ಅರ್ಜಿ ಹಾಕಿದವರು ಒಬ್ಬರು, ಪಹಣಿಯಲ್ಲಿರುವವರು ಇನ್ನೊಬ್ಬರು ಎಂದು ಬ್ಯಾಂಕಿನ ವಕೀಲರು ಷರಾ ಬರೆದರೆ ಕಡತ ಅಲ್ಲೇ ಕೂರುತ್ತದೆ.

ಅಡಮಾನಕ್ಕೆ ಸಭಾಪಾಲಕರಾಗಲಿ (ಪಾಸ್ಟರ್) ಖಜಾಂಚಿಯಾಗಲಿ ಸಹಿ ಹಾಕುವಂತಿಲ್ಲ. ಮೊದಲು ಸಭಾ ಸಮಿತಿಯ ಠರಾವು ಆಗಬೇಕು. ಅದು ಡಯಾಸಿಸ್‌ಗೆ (ಬಿಷಪ್ಪರ ಆಡಳಿತದ ಪ್ರಾಂತ್ಯ) ಹೋಗಿ ಅಲ್ಲಿನ ಸಮಿತಿಗಳ ಒಪ್ಪಿಗೆ ಪಡೆಯಬೇಕು. ಕೊನೆಗೆ ಟ್ರಸ್ಟ್ ಅಸೋಸಿಯೇಷನ್ ಅನುಮತಿ ಕೊಟ್ಟು, ಸಹಿ ಹಾಕುವವರಿಗೆ ಅಧಿಕಾರಪತ್ರ ಬರೆದುಕೊಡಬೇಕು. ಒಂದೊಂದು ಸಮಿತಿಯೂ ತನ್ನ ತಾರೀಖಿಗೇ ಕೂಡುವುದು. ಜನವರಿಯಲ್ಲಿ ಶುರು ಮಾಡಿದವರು ಜೂನ್ ಮಳೆಯೊಳಗೆ ಹೆಂಚು ಹಾಸುತ್ತೇವೆಂದು ನಂಬಿ ಪಕ್ಕಾಸು (ಮಾಡು ಹೊರುವ ಮರ) ಬಿಚ್ಚಿದರೆ, ತಾಡಪಾಲಿನ ಕೆಳಗೆ ಆರಾಧನೆ ನಡೆಸಬೇಕಾಗುತ್ತದೆ. ಕಥೋಲಿಕ ಧರ್ಮಕೇಂದ್ರಗಳಲ್ಲೂ ಆಸ್ತಿಗೆ ಅಪಾಯ ತರುವ ವ್ಯವಹಾರಕ್ಕೆ ಮೇಲಿನ ಅನುಮತಿ ಬೇಕು; ಚರ್ಚ್ ಕಾನೂನಿನ 1295ನೆಯ ವಿಧಿ ಅದನ್ನೇ ಹೇಳುತ್ತದೆ.

ಇಷ್ಟು ಸುತ್ತು ಯಾಕೆಂದು ಕೆಲವರು ಸಭಾಪಾಲಕರ ಸಂಬಳದ ಚೀಟಿ ತೋರಿಸಿ ಅವರ ಹೆಸರಿಗೇ ವೈಯಕ್ತಿಕ ಸಾಲ ತೆಗೆಸುತ್ತಾರೆ. ಇದನ್ನು ಮಾತ್ರ ಮಾಡಬೇಡಿ. ಕೆಲವು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ, ಕಂತು ಅವರ ಬೆನ್ನಿಗೇ ಹೋಗುತ್ತದೆ. ಹೊಸ ಸಮಿತಿ ‘ನಮ್ಮ ಠರಾವಿನಲ್ಲಿ ಇಲ್ಲ’ ಎಂದರೆ ಅವರು ಯಾರನ್ನು ಕೇಳಬೇಕು? ಇನ್ನೊಬ್ಬರ ಖಾಸಗಿ ಸಾಲದ ಕಂತನ್ನು ಸಭೆಯ ಖಾತೆಯಿಂದ ಕಟ್ಟಿದ್ದಕ್ಕೆ ಆಡಿಟರ್‌ಗೆ ಸಮಜಾಯಿಷಿ ಕೊಡುವುದೂ ಸುಲಭವಲ್ಲ.

ಎಲ್ಲ ದಾಟಿ ಸಾಲ ಮಂಜೂರಾಯಿತು ಅನ್ನಿ. ಹತ್ತು ಲಕ್ಷಕ್ಕೆ ಶೇ. 11ರಂತೆ ಐದು ವರ್ಷವಾದರೆ ತಿಂಗಳ ಕಂತು ಸುಮಾರು 21,740, ಒಟ್ಟು ಬಡ್ಡಿ ಮೂರು ಲಕ್ಷ. ಹತ್ತು ವರ್ಷವಾದರೆ ಕಂತು 13,775ಕ್ಕೆ ಇಳಿಯುತ್ತದೆ, ಬಡ್ಡಿ ಆರೂವರೆ ಲಕ್ಷಕ್ಕೆ ಏರುತ್ತದೆ. ಕಂತು ಸಣ್ಣದೆಂದು ಸಮಿತಿಯವರಿಗೆ ಹತ್ತು ವರ್ಷದ್ದೇ ಹಿಡಿಸುತ್ತದೆ. ಅಲ್ಲೇ ತೆರಿಗೆಯ ಗುಂಡಿ ಇರುವುದು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಿ ತೋರಿಸಬೇಕು. ಸಾಲದ ದುಡ್ಡಿನಲ್ಲಿ ಮಾಡಿದ ಖರ್ಚು ಆ ವರ್ಷದ ಲೆಕ್ಕಕ್ಕೆ ಬರುವುದಿಲ್ಲ, ಅಸಲು ತೀರಿಸಿದಾಗ ಬರುತ್ತದೆ. 2023ರ ತಿದ್ದುಪಡಿಯ ಪ್ರಕಾರ, ಖರ್ಚು ಮಾಡಿದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ತೀರಿಸಿದ ಅಸಲು ಮಾತ್ರ ಲೆಕ್ಕಕ್ಕೆ. ಹತ್ತು ವರ್ಷದ ಸಾಲದಲ್ಲಿ ಮೊದಲ ಐದು ವರ್ಷಕ್ಕೆ ತೀರುವ ಅಸಲು ಸುಮಾರು 3.66 ಲಕ್ಷ. ಉಳಿದ 6.3 ಲಕ್ಷದ ಬಹುಪಾಲನ್ನು ಕಟ್ಟಿಯೂ ಖರ್ಚೆಂದು ತೋರಿಸಲಾಗದು. ನಿಮ್ಮ ಸಭೆಯ ಲೆಕ್ಕ ಸ್ವಂತ ಪ್ಯಾನ್‌ನಲ್ಲಿ ಹೋಗುತ್ತದೋ ಡಯಾಸಿಸ್‌ನದರಲ್ಲೋ ಎಂದು ಮೊದಲು ನೋಡಿಕೊಳ್ಳಿ.

ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಮಾತುಕತೆ ಸಲೀಸು. ಆದರೆ ಆಧಾರವಿಲ್ಲದ ಸಾಲಕ್ಕೆ ಶೇ. 5, ಆಧಾರವಿದ್ದರೆ ಶೇ. 2.5 ಷೇರು ಹಣವೆಂದು ಹಿಡಿಯುವುದು ವಾಡಿಕೆ. ಹತ್ತು ಲಕ್ಷದಲ್ಲಿ ಐವತ್ತು ಸಾವಿರ ಕೈಗೆ ಬರದೆಯೇ ಅದಕ್ಕೂ ಬಡ್ಡಿ ಕಟ್ಟುತ್ತೀರಿ.

ಸರ್ಕಾರದ ಅನುದಾನ ತೀರಿಸಬೇಕಾದ ದುಡ್ಡಲ್ಲ, ಅದೇ ಅದರ ದೊಡ್ಡ ಗುಣ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೂಲಕ ಚರ್ಚ್ ದುರಸ್ತಿಗೆ ಅರ್ಜಿ ಹಾಕಬಹುದು. ಕಾಯುವ ತಾಳ್ಮೆ ಇರಬೇಕು, ಕೆಲಸ ಇನ್ನೂ ಶುರುವಾಗಿರಬಾರದು. ಮಂಜೂರಾತಿಗೆ ಮುಂಚೆ ಮುಗಿಸಿದ ಕೆಲಸಕ್ಕೆ ಬಿಲ್ಲು ಹಿಡಿದು ಹೋದರೆ ಉಪಯೋಗವಿಲ್ಲ. ಅಂದಾಜುಪಟ್ಟಿ ಲೋಕೋಪಯೋಗಿ ದರಪಟ್ಟಿಯಂತೆ ಆಗುವುದರಿಂದ, ಹಳೆಯ ಮರ ಜೋಪಾನವಾಗಿ ಇಳಿಸಿ, ಒಳ್ಳೆಯ ಪಕ್ಕಾಸು ಆರಿಸಿ, ರೀಪು (ಹೆಂಚು ಕೂರಿಸುವ ಮರದ ಪಟ್ಟಿ) ಮಾತ್ರ ಹೊಸದು ಹೊಡೆಯುವ ಬಡಗಿಯ ಕೂಲಿಗೂ ಪಟ್ಟಿಗೂ ತಾಳೆಯಾಗುವುದಿಲ್ಲ. ಆ ವ್ಯತ್ಯಾಸ ಸಭೆಯ ಕೈಯಿಂದಲೇ ಹೋಗಬೇಕು. ಹಣ ಕಂತಿನಲ್ಲಿ ಬಂದರೆ, ಹಿಂದಿನದರ ಹಣಬಳಕೆ ಪ್ರಮಾಣಪತ್ರ ಕೊಡದೆ ಮುಂದಿನದು ಬಾರದು. ಕೆಲಸಕ್ಕೆ ಮುಂಚಿನ, ನಡುವಿನ, ನಂತರದ ಫೋಟೊಗಳನ್ನು ಒಂದೇ ಜಾಗದಲ್ಲಿ ನಿಂತು ತೆಗೆದಿಟ್ಟುಕೊಳ್ಳಿ.

ವಿದೇಶದ ದೇಣಿಗೆಯ ಆಸೆ ಬಿಡುವುದೇ ವಾಸಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ) ನೋಂದಣಿ ಬೇಕು, ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಇನ್ನು ಕೈಗಡ. ಹದಿನೈದು ಮನೆಯವರಿಂದ ತಲಾ 50 ಸಾವಿರ ಪಡೆದರೆ ಏಳೂವರೆ ಲಕ್ಷ, ಉಳಿದದ್ದು ಬೆಳೆ ಹಬ್ಬದ ಕಾಣಿಕೆ ಮತ್ತು ಉಳಿತಾಯದಿಂದ. ಎರಡು ತಿಂಗಳಿಗೊಬ್ಬರಂತೆ ತೀರಿಸಿದರೆ ಮೂವತ್ತು ತಿಂಗಳಿಗೆ ಎಲ್ಲರದೂ ಮುಗಿಯುತ್ತದೆ, ಅಂದರೆ ತಿಂಗಳಿಗೆ 25 ಸಾವಿರ ಎತ್ತಿಡಬೇಕು. ಬ್ಯಾಂಕಿನ ಕಂತಿಗಿಂತ ಸ್ವಲ್ಪ ಭಾರ, ಆದರೆ ಬಡ್ಡಿ ಸೊನ್ನೆ, ಅಡಮಾನವಿಲ್ಲ, ಐದು ವರ್ಷದ ತೊಡಕೂ ಇಲ್ಲ. ಯಾರಿಗೆ ಮೊದಲು ಎಂಬುದನ್ನು ದುಡ್ಡು ಪಡೆಯುವ ದಿನವೇ ಚೀಟಿ ಎತ್ತಿ ಬರೆದಿಡಿ. ಆಸ್ಪತ್ರೆ, ಮದುವೆಯ ತುರ್ತಿದ್ದವರಿಗೆ ಸರದಿ ಬಿಟ್ಟುಕೊಡಬಹುದೆಂದು ಠರಾವಿನಲ್ಲೇ ಸೇರಿಸಿ. ಸಾಲ ಎತ್ತಲು ನಿಮ್ಮ ಡಯಾಸಿಸ್‌ನ ನಿಯಮ ಒಪ್ಪಿಗೆ ಕೇಳಿದರೆ ಅದನ್ನೂ ಮೊದಲೇ ಪಡೆಯಿರಿ. ಅಡಮಾನದ ಅನುಮತಿಗಿಂತ ಅದು ಹಗುರ.

ಜಾಗ್ರತೆ ಬೇಕಾದದ್ದು ನಗದಿನಲ್ಲಿ. ಒಬ್ಬರಿಂದ 20,000 ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ಅಷ್ಟನ್ನು ನಗದಾಗಿ ತೀರಿಸುವಂತೆಯೂ ಇಲ್ಲ. ದಂಡ ಆ ಮೊತ್ತದಷ್ಟೇ ಬೀಳಬಹುದು. ಹಿಂದಿನ ಬಾಕಿಯೂ ಲೆಕ್ಕಕ್ಕೆ ಸೇರುತ್ತದೆ: ಒಬ್ಬ ಅಜ್ಜಿಗೆ ಹದಿನೈದು ಸಾವಿರ ಬಾಕಿ ಇರುವಾಗ ಅದೇ ಅಜ್ಜಿ ಲಕೋಟೆಯಲ್ಲಿ ಇನ್ನೈದು ಸಾವಿರ ಸಾಲವೆಂದು ಕೊಟ್ಟರೂ ತಪ್ಪಾಗುತ್ತದೆ. ಅಕೌಂಟ್ ಪೇಯಿ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮಾತ್ರ ಸಾಕು. ರಸೀದಿಯಲ್ಲಿ ‘ಸಾಲ’ ಅಥವಾ ‘ಕಾಣಿಕೆ’ ಎಂದು ಸ್ಪಷ್ಟವಾಗಿ ಬರೆಯಿರಿ. ‘ಪರವಾಗಿಲ್ಲ, ದೇವರಿಗೇ ಇರಲಿ’ ಎಂದವರಿಂದ ಸಹಿ ಹಾಕಿದ ಪತ್ರ ಪಡೆದ ಮೇಲೆಯೇ ಸಾಲವನ್ನು ಕಾಣಿಕೆಗೆ ತಿರುಗಿಸಿ. ಇಲ್ಲದಿದ್ದರೆ ಮುಂದೊಂದು ದಿನ ಅವರ ಮಕ್ಕಳು ರಸೀದಿ ಹಿಡಿದು ಬರುತ್ತಾರೆ.

ಬಡ್ಡಿ ಕೊಡುತ್ತೇವೆಂದು ಆರಾಧನೆಯ ಪ್ರಕಟಣೆಯಲ್ಲಿ ಕೂಗಿ ಹಣ ಸೇರಿಸಬೇಡಿ. ಅದು ಠೇವಣಿ ವ್ಯವಹಾರದಂತೆ ಕಾಣುತ್ತದೆ, ಅದನ್ನು ತಡೆಯಲೆಂದೇ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ ಇದೆ. ಮನೆ ಮನೆಗೆ ಹೋಗಿ ಕೇಳಿ, ಒಬ್ಬೊಬ್ಬರಿಗೂ ಬೇರೆ ಪತ್ರ ಬರೆಯಿರಿ.

ಸಭೆಯವರ ಸ್ವಂತ ಅಗತ್ಯಕ್ಕೆ, ಅಂದರೆ ಮಕ್ಕಳ ಓದಿಗೆ, ಸಣ್ಣ ಉದ್ಯೋಗಕ್ಕೆ, ಸಭೆಯ ಖಜಾನೆ ಮುಟ್ಟಬೇಕಿಲ್ಲ. ಅಲ್ಪಸಂಖ್ಯಾತರಿಗಾಗಿ ಇರುವ ಸರ್ಕಾರಿ ನಿಗಮಗಳ ಅರಿವು, ಶ್ರಮಶಕ್ತಿಯಂಥ ಯೋಜನೆಗಳು ಅದಕ್ಕೇ ಇವೆ. ಶ್ರಮಶಕ್ತಿಯಲ್ಲಿ ಸಾಲದ ಅರ್ಧವನ್ನು 36 ತಿಂಗಳೊಳಗೆ ತೀರಿಸಿದರೆ ಉಳಿದರ್ಧ ಸಹಾಯಧನವಾಗುತ್ತದೆ, ತಪ್ಪಿದರೆ ಅದೂ ಸಾಲವೇ. ಸಭಾಪಾಲಕರು ಅರ್ಜಿ ತುಂಬಿಕೊಡಲಿ, ಜಾಮೀನು ಸಹಿ ಮಾತ್ರ ಹಾಕದಿರಲಿ.