ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಬಳಗ: ಪ್ರವಾಸ ಹೊರಡುವ ಶಾಲೆಗಳಿಗಾಗಿ ಒಂದು ವಿಮರ್ಶೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವಾಗ ಮದ್ದೂರಿಗೆ ಮೊದಲು, ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿ ಸುಮಾರು 12 ಕಿ.ಮೀ. ಸಾಗಿದರೆ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವ ಊರಿದು. ವೀಕ್ಷಣಾ ಗೋಪುರ, ಕ್ಯಾಂಟೀನುಗಳ ಲೆಕ್ಕ ಹಿಡಿದು ಹೋಗುವವರಿಗೆ ಇಲ್ಲಿ ಹೆಚ್ಚೇನೂ ಕಾಣದು. ಆದರೆ 1994ರಲ್ಲಿ ಮೈಸೂರ್ ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯ ಬೆಂಬಲದೊಂದಿಗೆ ಊರಿನ ಯುವಕರು ಕಟ್ಟಿಕೊಂಡ ಹೆಜ್ಜಾರ್ಲೆ ಬಳಗದ ಕೆಲಸವನ್ನು ಮಕ್ಕಳಿಗೆ ತೋರಿಸಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಸೂಚಿಸಲಾರೆ.

ಎತ್ತರದ ಕೊಂಬೆಯ ಗೂಡಿನಿಂದ ಜಾರಿ ನೆಲಕ್ಕೆ ಬಿದ್ದ ಮರಿಯನ್ನು ತಾಯಿಹಕ್ಕಿ ಕೆಳಗಿಳಿದು ಸಾಕುವುದಿಲ್ಲ. ಹಾಗೇ ಬಿಟ್ಟರೆ ಅದು ನಾಯಿಗಳ ಪಾಲಾಗುತ್ತದೆ. ಅಂಥ ಮರಿಗಳನ್ನು ಬಳಗದವರು ತಂತಿಬಲೆಯ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಬಿಸಿಲೇರಿದಾಗ ಹೆಜ್ಜಾರ್ಲೆ ಮರಿ ಬಾಯಿ ತೆರೆದು, ಕೊಕ್ಕಿನ ಕೆಳಗಿನ ಚೀಲವನ್ನು ಪಟಪಟನೆ ಅದುರಿಸಿ ಮೈ ತಂಪು ಮಾಡಿಕೊಳ್ಳುವುದನ್ನು ಹತ್ತಿರದಿಂದ ಕಂಡ ಮಗುವಿಗೆ, ಆ ಮರಿಯನ್ನು ಎತ್ತಿ ತಂದವರು ಪಕ್ಕದ ಮನೆಯವರೇ ಎಂದು ತಿಳಿಯುವುದು ದೊಡ್ಡ ಪಾಠ. ಗೂಡು ಕಟ್ಟಲು ಬರುವ ಹಕ್ಕಿಯನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಇಲ್ಲಿನವರು ಹೇಳುತ್ತಾರೆ.

ಆದರೂ ಪ್ರೀತಿಯೊಂದರಿಂದಲೇ ಮರ ಉಳಿಯುವುದಿಲ್ಲ ಎಂಬುದನ್ನು ಮಕ್ಕಳಿಗೆ ಮುಚ್ಚಿಡಬಾರದು. ಗೂಡುಗಳಿರುವ ಮರದ ಹುಣಸೆಹಣ್ಣನ್ನು ಬಡಿದು ಮಾರುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರಧನವಿದೆ. ಮರದಡಿ ಗುಂಡಿ ತೋಡಿ, ಕೆರೆಯ ಹೂಳಿನೊಂದಿಗೆ ಹಕ್ಕಿಗಳ ಹಿಕ್ಕೆ ಬೆರೆತು ಆದ ಗೊಬ್ಬರವನ್ನು ಹೊಲಕ್ಕೆ ಹಾಕುವ ರೂಢಿಯೂ ಇಲ್ಲಿತ್ತು. ಮರದ ಮಾಲೀಕರೊಬ್ಬರ ಜೊತೆ ಕುಳಿತು ಈ ಲೆಕ್ಕವನ್ನು ಕೇಳಿ ತಿಳಿಯುವಂತೆ ಶಿಕ್ಷಕರು ಅರ್ಧ ಗಂಟೆಯನ್ನಾದರೂ ಮೀಸಲಿಡಬೇಕು.

ಈ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶ, ಅಂದರೆ ಊರಿನವರೂ ಸೇರಿ ವನ್ಯಜೀವಿಗಳನ್ನು ಕಾಯುವ ಸಂರಕ್ಷಿತ ಜಾಗವಾಯಿತು. ಇಂಥ ಪ್ರದೇಶಕ್ಕೆ ನಿರ್ವಹಣಾ ಯೋಜನೆ ರೂಪಿಸುವ ಹೊಣೆಯನ್ನು ಕಾನೂನು ಊರಿನ ಪ್ರತಿನಿಧಿಗಳೂ ಇಲಾಖೆಯ ಪ್ರತಿನಿಧಿಯೂ ಇರುವ ಸಮಿತಿಗೆ ಕೊಟ್ಟಿದೆ. ಆ ಯೋಜನೆ ಊರಿನ ಗಡಿ ದಾಟಬೇಕೆಂಬುದೇ ನನ್ನ ಮುಖ್ಯ ಆಗ್ರಹ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಅನೇಕ ಹೆಜ್ಜಾರ್ಲೆಗಳು ಸತ್ತಾಗ ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಆ ಹುಳು ಹಕ್ಕಿಯನ್ನು ಸೇರುವುದು ಮೀನಿನ ಮೂಲಕ. ಗೂಡು ಬೆಳ್ಳೂರಿನಲ್ಲಿದ್ದರೂ ಮೇವು ಶಿಂಷಾ ನದಿಯಲ್ಲಿ, ತೈಲೂರು ಮುಂತಾದ ಕೆರೆಗಳಲ್ಲಿದೆ. ಆ ಕೆರೆಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸುವುದು, ಅಲ್ಲಿನ ಮೀನುಗಾರರನ್ನು ಬಳಗದ ಸಭೆಗಳಿಗೆ ಕರೆಯುವುದು, ಹಳೆಯ ಹುಣಸೆಗಳು ಒಣಗುವ ಮುನ್ನವೇ ಹೊಸ ಸಸಿ ನೆಟ್ಟು ಬೇಲಿ ಕಟ್ಟುವುದು ಇವೆಲ್ಲ ಒಂದೇ ಯೋಜನೆಯ ಭಾಗವಾಗಲಿ. ಸಸಿಯೊಂದು ಗೂಡಿನ ಭಾರ ಹೊರುವಷ್ಟು ಬೆಳೆಯಲು ದಶಕಗಳೇ ಬೇಕು.

ಜನವರಿಯಿಂದ ಮಾರ್ಚ್‌ವರೆಗೆ, ಬೆಳಗಿನ ಹೊತ್ತು ಹೋಗುವುದು ಉತ್ತಮ. ದೊಡ್ಡ ಗುಂಪಾದರೆ ಮುಂಚೆಯೇ ತಿಳಿಸಿ ಹೋಗಿ. ಮರದಡಿ ಗದ್ದಲ ಬೇಡ, ಡ್ರೋನ್ ಹಾರಿಸುವುದಂತೂ ಬೇಡವೇ ಬೇಡ. ಮಾರ್ಗದರ್ಶನ ಮಾಡಿದ ಊರಿನವರಿಗೆ ಅವರ ಸಮಯದ ಬೆಲೆಯನ್ನು ಕೇಳಿ ಕೊಡಿ.