ಒಂಟಿ ಡೈವಿಂಗ್‌ಗೆ ಯಾವ ಲಾಗ್: ಪುಸ್ತಕ, ವೆಟ್‌ನೋಟ್ಸ್, ಕಂಪ್ಯೂಟರ್, ಸಬ್‌ಸರ್ಫೇಸ್?

ಕೊಡಗಿನಿಂದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವ್ ಮಾಡುವವರಲ್ಲಿ ಒಂಟಿಯಾಗಿ ಇಳಿಯಬೇಕೆನ್ನುವವರು ಮೊದಲು ಕೇಳುವುದು, ಮುಖ್ಯ ಸಿಲಿಂಡರ್ ಕೈಕೊಟ್ಟರೆ ಬೇಕಾಗುವ ಎರಡನೇ ಸಿಲಿಂಡರ್ ಬಗ್ಗೆ: ಯಾವ ಕಂಪನಿಯದು, ಎಷ್ಟು ದೊಡ್ಡದು? ಪ್ರತಿ ಡೈವ್‌ನ ವಿವರ ಬರೆದಿಡುವ ಲಾಗ್ ಬಗ್ಗೆ ಕೇಳುವವರು ತೀರಾ ಕಡಿಮೆ. ಆದರೆ ಆ ಸಿಲಿಂಡರ್ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಉತ್ತರ ಸಿಗುವುದು ಲಾಗ್‌ನಲ್ಲೇ. ಡೈವಿಂಗ್ ತರಬೇತಿ ಸಂಸ್ಥೆಗಳಲ್ಲಿ ಎಸ್‌ಡಿಐಯ ಸೋಲೋ ಡೈವರ್ (ಒಂಟಿ ಡೈವಿಂಗ್) ಕೋರ್ಸಿಗಾಗಲಿ, ಪ್ಯಾಡಿಯ ಸೆಲ್ಫ್ ರಿಲಯಂಟ್ ಡೈವರ್ ಕೋರ್ಸಿಗಾಗಲಿ ಸೇರಬೇಕಾದರೆ ಲಾಗ್ ಆದ 100 ಡೈವ್ ತೋರಿಸಬೇಕು. ಆ ಕೋರ್ಸಿನ ಕಾರ್ಡ್ ಇಲ್ಲದವರನ್ನು ಒಂಟಿಯಾಗಿ ಇಳಿಸಲು ಬಹುತೇಕ ಡೈವ್ ಕೇಂದ್ರಗಳು ಒಪ್ಪುವುದೂ ಇಲ್ಲ.

ನಾವು ಬಳಸಿ ನೋಡಿದ್ದು ನಾಲ್ಕು: ರಿಂಗ್ ಹಾಕಿದ ಕಾಗದದ ಲಾಗ್‌ಬುಕ್, ನೀರೊಳಗೇ ಬರೆಯಬಹುದಾದ ವೆಟ್‌ನೋಟ್ಸ್, ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನದೇ ಮೆಮೊರಿ ಮತ್ತು ಸಬ್‌ಸರ್ಫೇಸ್ ಎಂಬ ತಂತ್ರಾಂಶ.

ಕಾಗದದ ಪುಸ್ತಕಕ್ಕೆ ಇರುವ ದೊಡ್ಡ ಬಲ ಸಹಿ ಮತ್ತು ಸೀಲು. ಹೊಸ ಕೇಂದ್ರಕ್ಕೆ ಹೋದಾಗ ಸೀಲು ಬಿದ್ದ ಪುಟ ತೆರೆದು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ. ಉಳಿದಂತೆ ಕೊಡಗಿನ ಮಳೆಗಾಲಕ್ಕೂ ಕಾಗದಕ್ಕೂ ಆಗಿಬರುವುದಿಲ್ಲ. ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಉಪ್ಪುನೀರು ತಾಗಿದ ಪುಟವಾದರೆ ಇನ್ನೂ ಬೇಗ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜೆಲ್ ಪೆನ್ನಿನ ಬರಹ ಒಂದು ಹನಿಗೆ ಹರಡಿಹೋಗುತ್ತದೆ, ಪೆನ್ಸಿಲ್ ಬರಹ ಉಳಿಯುತ್ತದೆ. ಪುಸ್ತಕವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಪೊಟ್ಟಣ ಬದಲಿಸಿ. ದೋಣಿಗೆ ಒಯ್ಯಲೇಬೇಡಿ.

ದೋಣಿಗೆ, ನೀರಿಗೆ ವೆಟ್‌ನೋಟ್ಸೇ ಸರಿ. ಪ್ಲಾಸ್ಟಿಕ್ ಹಾಳೆಯ ಸಣ್ಣ ಪುಸ್ತಕ, ದಾರ ಕಟ್ಟಿದ ಪೆನ್ಸಿಲ್, ಬಿಸಿಡಿ (ಗಾಳಿ ತುಂಬುವ ಡೈವಿಂಗ್ ಜಾಕೆಟ್) ಜೇಬಿನಲ್ಲಿ ಹಿಡಿಸುತ್ತದೆ. ಮೇಲೇರುವಾಗ 5 ಮೀಟರಿನಲ್ಲಿ ನಿಲ್ಲುವ ಸೇಫ್ಟಿ ಸ್ಟಾಪ್‌ನ ಮೂರು ನಿಮಿಷದಲ್ಲಿ ಗೇಜ್ ನೋಡಿ ಸಿಲಿಂಡರಿನ ಒತ್ತಡ ಬರೆದುಬಿಡಬಹುದು. ಮೆಕ್ಯಾನಿಕಲ್ ಪೆನ್ಸಿಲ್ ಬೇಡ. ಅದರೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಎರಡನೇ ಪ್ರವಾಸಕ್ಕೆ ಕೈಕೊಡುತ್ತದೆ. ಸಾಧಾರಣ ಮರದ ಪೆನ್ಸಿಲ್ಲನ್ನು ಎರಡೂ ತುದಿ ಚೂಪು ಮಾಡಿ ಕಟ್ಟಿದರೆ ಸಾಕು.

ಎಸ್ಟೇಟಿನಲ್ಲಿ ಮಳೆ ಲೆಕ್ಕದ ಪುಸ್ತಕ ಇಡುವವರಿಗೆ ಈ ಶಿಸ್ತು ಹೊಸದೇನಲ್ಲ. ಬೆಳಿಗ್ಗೆ ಅಳತೆ ನೋಡಿದ ಕೂಡಲೇ ಇಂಚು, ಸೆಂಟ್ ಬರೆದರೆ ಅದು ಲೆಕ್ಕ. ವಾರ ಕಳೆದು ನೆನಪಿನಿಂದ ತುಂಬಿಸಿದ್ದು ಅಂದಾಜು. ಜೋಡಿಯಲ್ಲಿ ಇಳಿದರೆ ನೀವು ಮರೆತದ್ದನ್ನು ಜೊತೆಗಾರ ನೆನಪಿಸಬಹುದು. ಒಂಟಿ ಡೈವ್‌ಗೆ ಆ ಎರಡನೇ ನೆನಪು ಇಲ್ಲ.

ಕಂಪ್ಯೂಟರಿನ ಮೆಮೊರಿ ತಾನಾಗಿಯೇ ಬರೆದುಕೊಳ್ಳುತ್ತದೆ ಎಂದು ಅದನ್ನೇ ನಂಬಿ ಕೂರುವವರು ಬಹಳ. ಆಳ, ಸಮಯ, ಉಷ್ಣತೆ, ಮೇಲೇರಿದ ವೇಗ, ಇಷ್ಟನ್ನು ಅದು ಕೈಬರಹಕ್ಕಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಎಷ್ಟು ಕಿಲೋ ತೂಕ ಕಟ್ಟಿದ್ದಿರಿ, ಪ್ರವಾಹ ಯಾವ ಕಡೆಗಿತ್ತು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಎಲ್ಲಿ ಸೋರಿತು ಎಂಬುದು ಅದಕ್ಕೆ ಗೊತ್ತಿಲ್ಲ. ಒತ್ತಡವನ್ನು ಕಂಪ್ಯೂಟರಿಗೆ ಕಳಿಸುವ ಟ್ರಾನ್ಸ್‌ಮಿಟರ್ ಇಲ್ಲದಿದ್ದರೆ ಸಿಲಿಂಡರಿನ ಒತ್ತಡವೂ ಗೊತ್ತಿಲ್ಲ. ಮೆಮೊರಿ ತುಂಬಿದಾಗ ಹಳೆಯ ಡೈವ್ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಬ್ಯಾಟರಿ. ಬದಲಿಸಿದಾಗ ಹಲವು ಮಾಡೆಲ್‌ಗಳಲ್ಲಿ ಗಡಿಯಾರ ಶೂನ್ಯಕ್ಕೆ ಹೋಗುತ್ತದೆ, ಆಮೇಲಿನ ಡೈವ್‌ಗಳೆಲ್ಲ ತಪ್ಪು ತಾರೀಖಿನಲ್ಲಿ ಕೂರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಮೈಯಲ್ಲಿ ಉಳಿದ ನೈಟ್ರೋಜನ್ ಲೆಕ್ಕವೂ ಅಳಿಸುತ್ತದೆ. ಹಾಗಾಗಿ ಪ್ರವಾಸದ ನಡುವೆ ಬ್ಯಾಟರಿ ತೆಗೆಯಬೇಡಿ. ಮನೆಯಲ್ಲೇ ಬದಲಿಸಿ, ಗಡಿಯಾರ ಸರಿಮಾಡಿಕೊಂಡು ಹೊರಡಿ.

ಸಬ್‌ಸರ್ಫೇಸ್ ಈ ಸಾಲಿನಲ್ಲಿ ನಮಗೆ ಹೆಚ್ಚು ಹಿಡಿಸಿದ್ದು. 2011ರಲ್ಲಿ ಇದನ್ನು ಶುರುಮಾಡಿದವರು ಲಿನಕ್ಸ್‌ನ ಲೈನಸ್ ಟೋರ್ವಾಲ್ಡ್ಸ್. ಉಚಿತ, ಮುಕ್ತ ತಂತ್ರಾಂಶ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡರಲ್ಲೂ ನಡೆಯುತ್ತದೆ, ಬೇರೆಬೇರೆ ಕಂಪನಿಗಳ ಕಂಪ್ಯೂಟರಿನಿಂದ ಕೇಬಲ್ ಅಥವಾ ಬ್ಲೂಟೂತ್ ಮೂಲಕ ಡೈವ್ ಇಳಿಸಿಕೊಳ್ಳುತ್ತದೆ. ಕಂಪನಿಯ ಸ್ವಂತ ಆ್ಯಪ್ ನೋಡಲು ಚಂದ, ಆದರೆ ನಾಳೆ ಬೇರೆ ಕಂಪನಿಯ ಕಂಪ್ಯೂಟರ್ ಕೊಂಡರೆ ಹಳೆಯ ಡೈವ್‌ಗಳು ಅಲ್ಲೇ ಉಳಿದುಬಿಡಬಹುದು. ಸಬ್‌ಸರ್ಫೇಸಿನ ಫೈಲ್ ನಿಮ್ಮ ಕೈಯಲ್ಲೇ ಇರುತ್ತದೆ, ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಡಬಹುದು. ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನಲ್ಲಿ ಇಂಟರ್‌ನೆಟ್ ಇಲ್ಲದೆ ತೆರೆಯುವ ಲಾಗ್ ದೊಡ್ಡ ಅನುಕೂಲ.

ಈಗ ಮುಖ್ಯವಾದದ್ದು. ನಿಮಿಷಕ್ಕೆ ಎಷ್ಟು ಗಾಳಿ ಉಸಿರಾಡುತ್ತೀರಿ ಎಂಬುದು ಒಂಟಿ ಡೈವರ್ ತಿಳಿದಿರಲೇಬೇಕಾದ ಅಂಕಿ. ಅದನ್ನು ಲೆಕ್ಕ ಹಾಕಲು ಬೇಕಾದ ಸರಾಸರಿ ಆಳ ಕಂಪ್ಯೂಟರಿನಲ್ಲಿದೆ, ಶುರುವಿನ ಮತ್ತು ಕೊನೆಯ ಒತ್ತಡ ವೆಟ್‌ನೋಟ್ಸಿನಲ್ಲಿದೆ. ಎರಡನ್ನೂ ಸೇರಿಸದೆ ಉತ್ತರ ಸಿಗದು. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ 200 ಬಾರ್‌ನಿಂದ 70ಕ್ಕೆ ಇಳಿದರೆ ಖರ್ಚಾದದ್ದು 1,443 ಲೀಟರ್. ಸರಾಸರಿ ಆಳ 12 ಮೀಟರ್ ಎಂದರೆ ಅಲ್ಲಿನ ಒತ್ತಡ 2.2 ಬಾರ್, ಸಮಯ 45 ನಿಮಿಷ. ಈ ಎರಡರಿಂದಲೂ ಭಾಗಿಸಿದರೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 14.6 ಲೀಟರ್. ಸಬ್‌ಸರ್ಫೇಸಿಗೆ ಒತ್ತಡ ತುಂಬಿಸಿಕೊಟ್ಟರೆ ಈ ಭಾಗಾಕಾರವನ್ನು ಅದೇ ಮಾಡುತ್ತದೆ.

ಗಾಬರಿಯಲ್ಲಿ ಉಸಿರು ಇಮ್ಮಡಿಯಾಗಬಹುದು, ಆದ್ದರಿಂದ 30 ಎಂದಿಟ್ಟುಕೊಳ್ಳಿ. 18 ಮೀಟರಿನಲ್ಲಿ ಮುಖ್ಯ ಸಿಲಿಂಡರ್ ಕೈಕೊಟ್ಟಿತು. ಸಾವರಿಸಿಕೊಳ್ಳಲು ಒಂದು ನಿಮಿಷಕ್ಕೆ ಅಲ್ಲಿನ 2.8 ಬಾರ್ ಒತ್ತಡದಲ್ಲಿ 84 ಲೀಟರ್, ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಏರಲು ಸುಮಾರು 93, ಅಲ್ಲಿ ಮೂರು ನಿಮಿಷ ನಿಲ್ಲಲು 135, ಮೇಲ್ಮೈಗೆ ಬರುವ ಕೊನೆಯ ನಿಮಿಷಕ್ಕೆ 38. ಒಟ್ಟು ಸುಮಾರು 350 ಲೀಟರ್. ಕೈಗೆ ಹಗುರ ಎಂದು ಕೊಳ್ಳುವ ಮೂರು ಘನ ಅಡಿಯ ಸ್ಪೇರ್ ಏರ್ ಎಂಬ ಪುಟ್ಟ ಸಿಲಿಂಡರಿನಲ್ಲಿ ಇರುವುದು 85 ಲೀಟರ್. ಮೊದಲ ನಿಮಿಷಕ್ಕೇ ಅದು ಖಾಲಿ. 13 ಘನ ಅಡಿಯ ಪೋನಿ (ಚಿಕ್ಕ ಎರಡನೇ ಸಿಲಿಂಡರ್) ಪೂರ್ತಿ ತುಂಬಿದ್ದರಷ್ಟೇ ಸಾಕಾಗುತ್ತದೆ. 3 ಲೀಟರಿನ ಪೋನಿಯಲ್ಲಿ 200 ಬಾರ್‌ಗೆ 600 ಲೀಟರ್ ಸಿಗುತ್ತದೆ, ಒಂಟಿ ಡೈವ್‌ಗೆ ಅದಕ್ಕಿಂತ ಚಿಕ್ಕದನ್ನು ನಾವು ಶಿಫಾರಸು ಮಾಡುವುದಿಲ್ಲ. ಪೋನಿಯ ಒತ್ತಡಕ್ಕೂ ಲಾಗ್‌ನಲ್ಲಿ ಒಂದು ಕಾಲಂ ಇರಲಿ. ಬಳಸದೆಯೇ ಪ್ರತಿ ಡೈವ್‌ಗೆ ಐದಾರು ಬಾರ್ ಇಳಿಯುತ್ತಿದ್ದರೆ ಎಲ್ಲೋ ಒ-ರಿಂಗ್ (ರಬ್ಬರ್ ಬಳೆ) ಸೋರುತ್ತಿರಬಹುದು.

ಟ್ರಾನ್ಸ್‌ಮಿಟರ್ ಇದ್ದರೆ ಒತ್ತಡವೂ ಕಂಪ್ಯೂಟರಿಗೇ ಬರುತ್ತದೆ ನಿಜ. ಅದರ ಬ್ಯಾಟರಿ ನಡುವೆ ಸತ್ತರೆ ಆ ಡೈವ್‌ನ ಲೆಕ್ಕವೇ ಇಲ್ಲ, ಹಾಗಾಗಿ ಶುರು ಮತ್ತು ಕೊನೆಯ ಒತ್ತಡವನ್ನು ಗೇಜ್ ನೋಡಿ ಕೈಯಲ್ಲೂ ಬರೆಯಿರಿ.

ಕೊಡಗಿನವರಿಗೆ ಮಾತ್ರ ಬೇಕಾದ ಇನ್ನೊಂದು ಕಾಲಂ ಇದೆ: ಕೊನೆಯ ಡೈವ್‌ನಿಂದ ಮೇಲೆ ಬಂದ ಗಂಟೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಡೈವ್ ನಂತರ ವಿಮಾನ ಹತ್ತುವ ಬಗ್ಗೆ ಡೈವರ್‌ಗಳ ಸುರಕ್ಷತೆಗಾಗಿರುವ ಡ್ಯಾನ್ ಸಂಸ್ಥೆ ಕೊಟ್ಟಿರುವ ಸೂಚನೆ ಸುಮಾರು 600ರಿಂದ 2,400 ಮೀಟರ್‌ವರೆಗಿನ ಎತ್ತರಕ್ಕೆ ಸಮನಾದ ಗಾಳಿಯೊತ್ತಡಕ್ಕೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು; ಕಾರಿನಲ್ಲಿ ಘಟ್ಟ ಹತ್ತಿದರೂ ಮೈಗೆ ಆಗುವುದು ಅದೇ. ಮುರ್ಡೇಶ್ವರದಿಂದ ಮಂಗಳೂರು, ಸುಳ್ಯ, ಸಂಪಾಜೆ ದಾರಿಯಲ್ಲಿ ಮಡಿಕೇರಿಗೆ ಸುಮಾರು 300 ಕಿ.ಮೀ. ಮಧ್ಯಾಹ್ನ ಹನ್ನೆರಡೂವರೆಗೆ ಎರಡನೇ ಡೈವ್ ಮುಗಿಸಿ ಹೊರಟರೆ ರಾತ್ರಿಯೇ ಮನೆ ಸೇರಬಹುದು, ಆದರೆ 18 ಗಂಟೆ ತುಂಬುವುದು ಮಾರನೇ ದಿನ ಬೆಳಿಗ್ಗೆ ಆರೂವರೆಗೆ. ಮಂಗಳೂರಿನಲ್ಲೋ ಸುಳ್ಯದಲ್ಲೋ ಉಳಿದು ಆಮೇಲೆ ಘಟ್ಟ ಹತ್ತಿ. ವಿಮಾನ ಹತ್ತಲು ಇನ್ನೆಷ್ಟು ಕಾಯಬೇಕೆಂದು ತೋರಿಸುವ ಕಂಪ್ಯೂಟರಿನ ನೋ-ಫ್ಲೈ ಗಡಿಯಾರ ಸರಿಯಿರಬೇಕಾದರೆ ಎಲ್ಲ ಡೈವ್‌ಗಳಿಗೂ ಅದೇ ಕಂಪ್ಯೂಟರ್ ಕಟ್ಟಿರಬೇಕು. ಬಾಡಿಗೆಯದು ಕಟ್ಟಿದ್ದರೆ ನಿಮಗೆ ಉಳಿಯುವುದು ವೆಟ್‌ನೋಟ್ಸಿನ ಗಂಟೆ ಮಾತ್ರ. ಏರುವಾಗ ಕೀಲು ನೋವು, ಕೈಕಾಲಿಗೆ ಜೋಮು ಕಂಡರೆ ಗಾಡಿ ತಿರುಗಿಸಿ ಕೆಳಗಿಳಿಯಿರಿ. ಆಸ್ಪತ್ರೆಯಲ್ಲಿ ಡೈವ್ ಮಾಡಿದ್ದನ್ನು ಮೊದಲೇ ಹೇಳಿ, ಆಮ್ಲಜನಕ ಕೇಳಿ, ಆಳ ಮತ್ತು ಗಂಟೆ ಬರೆದ ಆ ಪುಟವನ್ನು ವೈದ್ಯರ ಕೈಗೆ ಕೊಡಿ.