ಅಪಾರ್ ನಮೂನೆಗೆ ಸಹಿ ಹಾಕುವ ಹೆತ್ತವರ ಗಮನಕ್ಕೆ

ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಓದುತ್ತಿರುವ ನನ್ನ ಮಗಳ ವಿವರಗಳು ಅಪರಿಚಿತರ ಕೈ ಸೇರಿದ ಬಗೆಯನ್ನು, ಗಡಿನಾಡಿನ ಇತರ ಹೆತ್ತವರು ಜಾಗ್ರತೆ ವಹಿಸಲೆಂದು ಬರೆಯುತ್ತಿದ್ದೇನೆ.

ಕೇಂದ್ರ ಸರಕಾರದ ಅಪಾರ್ ಎಂಬ 12 ಅಂಕಿಗಳ ವಿದ್ಯಾರ್ಥಿ ಗುರುತಿನ ಸಂಖ್ಯೆಗಾಗಿ ಆಧಾರ್ ಪ್ರತಿ ಹಾಗೂ ಸಮ್ಮತಿಪತ್ರ ಕೊಡಬೇಕೆಂದು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಸೂಚನೆ ಬಂತು. ನಮೂನೆ ಇಂಗ್ಲಿಷಿನಲ್ಲಿತ್ತು, ಕನ್ನಡದ್ದು ಕೇಳಿದರೆ ಬಂದಿಲ್ಲವೆಂದರು. ಕೆಲವು ದಿನಗಳ ಬಳಿಕ ಅದೇ ಗುಂಪಿಗೆ, ತಪ್ಪಿದ್ದರೆ ತಿಳಿಸಿ ಎಂಬ ಒಕ್ಕಣೆಯೊಂದಿಗೆ, ಇಡೀ ತರಗತಿಯ ಎಕ್ಸೆಲ್ ಪಟ್ಟಿಯೊಂದು ಬಂದು ಬಿತ್ತು. ಪ್ರತಿ ಮಗುವಿನ ಆಧಾರ್ ಸಂಖ್ಯೆ, ಜನ್ಮದಿನಾಂಕ, ಜಾತಿ, ಬ್ಯಾಂಕ್ ಖಾತೆ, ಹೆತ್ತವರ ಮೊಬೈಲ್ ಸಂಖ್ಯೆ ಎಲ್ಲವೂ ಅದರಲ್ಲಿದ್ದವು. ನಮ್ಮ ಮನೆಹೆಸರು ‘ಪಡ್ಪು’ ಅಲ್ಲಿ ‘ಪಾಡುಪು’ ಆಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೆಂಡತಿಗೆ ಒಂದು ಕರೆ ಬಂತು. ಘಟ್ಟದ ಮೇಲಿನ ಕನ್ನಡದಲ್ಲಿ ಮಾತನಾಡಿದ ವ್ಯಕ್ತಿ, ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಕಳುಹಿಸುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎಂದನು. ನಂಬಿಕೆ ಹುಟ್ಟಲೆಂದು ಆಧಾರಿನ ಕೊನೆಯ ಅಂಕಿಗಳನ್ನು ಓದಿ, “ಪಾಡುಪು ಮನೆಯವರಲ್ಲವೇ?” ಎಂದೂ ಕೇಳಿದನು. ಆಧಾರ್, ಪಡಿತರ ಚೀಟಿ, ಜನನ ಪ್ರಮಾಣಪತ್ರ, ಯಾವುದರಲ್ಲಿಯೂ ಇಲ್ಲದ ಆ ತಪ್ಪು ಕಾಗುಣಿತ ಇದ್ದದ್ದು ಶಾಲೆಯ ಪಟ್ಟಿಯಲ್ಲಿ ಮಾತ್ರ. ಹಣ ಪಡೆಯಲು ಪಿನ್ ಬೇಡವೆಂದು ತಿಳಿದಿದ್ದ ಅವಳು ಕರೆ ಕಡಿದಳು. ಅದೇ ತರಗತಿಯ ಇನ್ನೊಬ್ಬ ತಾಯಿ ಬೀಡಿ ಕಟ್ಟಿ ಉಳಿಸಿದ್ದ ಹಣವನ್ನು ಕಳೆದುಕೊಂಡರು.

ದೂರಿದ ಮೇಲೆ ಪಟ್ಟಿಯನ್ನು ಗುಂಪಿನಿಂದ ಅಳಿಸಿದರು. ಅಷ್ಟರಲ್ಲಿ ಅದು ಎಷ್ಟು ಫೋನುಗಳಲ್ಲಿ ಉಳಿದಿತ್ತೋ!

ಅಧ್ಯಾಪಕರ ಅವಸರಕ್ಕೂ ಕಾರಣವಿದೆಯೆನ್ನಬೇಕು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಹುದ್ದೆಗಳು ನಿರ್ಧಾರವಾಗುತ್ತವೆ. ಆ ಲೆಕ್ಕಕ್ಕೆ, ರಾಜ್ಯದ ಶಾಲೆಗಳು ಮಕ್ಕಳ ದಾಖಲೆ ಇಡುವ ‘ಸಂಪೂರ್ಣ’ ತಂತ್ರಾಂಶದಲ್ಲಿ ಆಧಾರ್ ಹೊಂದಿಕೆಯನ್ನೂ ನೋಡುತ್ತಾರೆ. ಮಕ್ಕಳು ಕಡಿಮೆಯಿರುವ ಕನ್ನಡ ವಿಭಾಗಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಆದರೆ ‘ಸಂಪೂರ್ಣ’ ಬೇರೆ, ಅಪಾರ್ ಬೇರೆ; ಎರಡನ್ನೂ ಒಂದೇ ಉಸಿರಿನಲ್ಲಿ ಕಡ್ಡಾಯವೆಂದು ಹೇಳುವುದು ಸರಿಯಲ್ಲ. ಅಪಾರ್ ಐಚ್ಛಿಕ, ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂ ಅವಕಾಶವಿದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ತೀರ್ಪು ನೀಡಿದೆ.

ಆದ್ದರಿಂದ ಆಧಾರಿನ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಬೇಡಿ. ಕೊಡಲೇಬೇಕಾದರೆ ಕಚೇರಿಗೆ ಹೋಗಿ, ಮೂಲಪ್ರತಿ ತೋರಿಸಿ, ಕಣ್ಣೆದುರೇ ದಾಖಲಿಸಲು ಹೇಳಿ. ಸಮ್ಮತಿಪತ್ರವನ್ನು ಕನ್ನಡದಲ್ಲಿ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ನಾನು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.